ಒಂಟಿಯಾಗಿ ಇರುವವರ ಮನೆಗೆ ಎಕೋ ಶೋ 8: ಡ್ರಾಪ್ ಇನ್ ಇದೆ, ಕನ್ನಡ ಇಲ್ಲ

ಬೌದ್ಧಿಕ ವೈಕಲ್ಯ ಇರುವವರು ಸ್ವಂತ ಮನೆ ಮಾಡಿಕೊಂಡಾಗ ದೂರದಿಂದ ನೆರವಾಗುವ ಸೇವೆ ಅಮೆರಿಕದ ಓಹಾಯೋದಲ್ಲಿ ಸರ್ಕಾರದ ದುಡ್ಡಿನಲ್ಲೇ ಸಿಗುತ್ತದೆ. ಪರದೆಯಾಚೆ ತರಬೇತಿ ಪಡೆದ ಸಿಬ್ಬಂದಿ ಇರುತ್ತಾರೆ. ಇಲ್ಲಿ ಆ ಕೆಲಸವನ್ನು ಅಕ್ಕನೋ ತಮ್ಮನೋ ಆಫೀಸಿನ ನಡುವೆ ಮಾಡಬೇಕು. ಅದಕ್ಕೆ ಅಮೆಜಾನ್‌ನ ಎಕೋ ಶೋ 8 (ಪರದೆ, ಕ್ಯಾಮೆರಾ ಇರುವ, ಮಾತಿಗೆ ಓಗೊಡುವ ಸ್ಪೀಕರ್) ಒದಗುತ್ತದೆ, ಆದರೆ ಡಬ್ಬದಿಂದ ತೆಗೆದು ಇಟ್ಟರೆ ಸಾಲದು.

ಇದರ ಹೆಚ್ಚುಗಾರಿಕೆ ಡ್ರಾಪ್ ಇನ್, ಅಂದರೆ ಆ ಕಡೆಯವರು ಎತ್ತದೆಯೇ ಶುರುವಾಗುವ ವಿಡಿಯೋ ಕರೆ. ವಾಟ್ಸ್‌ಆ್ಯಪ್ ಕರೆಯನ್ನು ಅವರು ಎತ್ತಬೇಕು, ಇದು ತಾನೇ ತೆರೆದುಕೊಳ್ಳುತ್ತದೆ. ತೊಂದರೆಯೂ ಅದೇ: ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಬಂದವರೆದುರು ಅಮ್ಮನ ಮುಖ ಪ್ರತ್ಯಕ್ಷ! ಅಲೆಕ್ಸಾ (ಎಕೋದೊಳಗಿನ ದನಿ ಸಹಾಯಕಿ) ಆ್ಯಪ್‌ನಲ್ಲಿ, ಅವರು ಒಪ್ಪಿದ ಒಬ್ಬಿಬ್ಬರಿಗಷ್ಟೇ ಅನುಮತಿ ಕೊಡಿ. ಹಲವು ಮಾದರಿಗಳಲ್ಲಿ ಕ್ಯಾಮೆರಾ ಮುಚ್ಚುವ ಪುಟ್ಟ ಶಟರ್ ಮೇಲಂಚಿನಲ್ಲಿದೆ, ಅದನ್ನು ಸರಿಸುವುದನ್ನು ಮೊದಲ ದಿನವೇ ಕಲಿಸಿ. ಶಟರ್ ಮುಚ್ಚಿದರೂ ಮೈಕ್ ಕೇಳುತ್ತಲೇ ಇರುತ್ತದೆ, ಅದಕ್ಕೆ ಬೇರೆ ಗುಂಡಿ. ಯಾಕೆ ಮುಚ್ಚಿದೆ ಅಂತ ವಿಚಾರಣೆಗೆ ಇಳಿದರೆ ಪ್ಲಗ್ಗನ್ನೇ ಕಿತ್ತುಬಿಡುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ.

ದೊಡ್ಡ ಕೊರತೆ ಭಾಷೆ. ಅಲೆಕ್ಸಾಗೆ ಇಂಗ್ಲಿಷ್, ಹಿಂದಿ ಗೊತ್ತು, ಕನ್ನಡ ಬಾರದು. ಉಚ್ಚಾರ ಸ್ಪಷ್ಟವಿಲ್ಲದವರ ಇಂಗ್ಲಿಷೂ ಅದಕ್ಕೆ ತಿಳಿಯುವುದು ಕಷ್ಟ. ಆ್ಯಕ್ಸೆಸಿಬಿಲಿಟಿಯಲ್ಲಿ ‘ಟ್ಯಾಪ್ ಟು ಅಲೆಕ್ಸಾ’ ಆನ್ ಮಾಡಿದರೆ ಪರದೆ ಮುಟ್ಟಿ ಕೆಲಸ ಮಾಡಿಸಬಹುದು. ‘ಮಾತ್ರೆ ತಗೋ’ ಎಂಬ ನೆನಪನ್ನು ಅಲೆಕ್ಸಾ ಬಾಯಲ್ಲಿ ಹೇಳಿಸಲು ಹೋಗಬೇಡಿ, ಆ್ಯಪ್‌ನಿಂದ ದನಿ ಸಂದೇಶ ಕಳಿಸುವ ಅನೌನ್ಸ್‌ಮೆಂಟ್‌ನಲ್ಲಿ ನಿಮ್ಮ ದನಿಯಲ್ಲೇ ಹೇಳಿ.

ಅಡುಗೆಗೆ ಟೈಮರ್ ಇರುವ ಇಂಡಕ್ಷನ್ ಒಲೆ ಇರಲಿ. ಮರೆತರೆ ದೂರದಿಂದ ಆರಿಸಲು ಸ್ಮಾರ್ಟ್ ಪ್ಲಗ್ ಬೇಕು, ಆದರೆ ಅಮೆಜಾನ್‌ನ 6 ಆಂಪಿಯರ್ ಪ್ಲಗ್ ಇಲ್ಲಿ ಸಲ್ಲ. 2000 ವ್ಯಾಟ್ ಒಲೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್‌ನದೇ ತನ್ನಿ. ಪ್ಲಗ್ಗಿನಿಂದಲೇ ದಿನಾ ಆರಿಸುವ ಅಭ್ಯಾಸ ಬೇಡ: ಒಲೆಯನ್ನು ತಂಪು ಮಾಡುವ ಒಳಗಿನ ಫ್ಯಾನೂ ಜೊತೆಗೇ ನಿಲ್ಲುತ್ತದೆ. ಮಿಕ್ಸಿ ಪಕ್ಕದಲ್ಲಿ ಎಕೋ ಇಟ್ಟರೆ ಆ ಗದ್ದಲದಲ್ಲಿ ಅವರು ಕರೆದದ್ದು ಅದಕ್ಕೆ ಕೇಳಿಸದು.

ಎಕೋ ಶೋ ಒಳಗೆ ಬ್ಯಾಟರಿ ಇಲ್ಲ. ಕರೆಂಟ್ ಹೋದರೆ ರೌಟರ್ ಜೊತೆಗೆ ಅದೂ ಸುಮ್ಮನಾಗುತ್ತದೆ. ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ. ರೌಟರಿನ 12 ವೋಲ್ಟ್ ಯುಪಿಎಸ್‌ನಿಂದ ಎಕೋಗೆ ವಯರ್ ಎಳೆಯುವ ಮುನ್ನ ಅಡಾಪ್ಟರ್ ಮೇಲೆ ಬರೆದ ವೋಲ್ಟೇಜ್ ನೋಡಿ.

ಹತ್ತು ನಿಮಿಷದಲ್ಲಿ ಬಂದು ಬಾಗಿಲು ತೆಗೆಯಬಲ್ಲ ಒಬ್ಬರು ಹತ್ತಿರದಲ್ಲಿ ಇಲ್ಲದಿದ್ದರೆ ಈ ಯಂತ್ರಕ್ಕೆ ದುಡ್ಡು ಹಾಕಬೇಡಿ. ಅವರ ಕೈಗೆ ಕೀ ಕೊಟ್ಟರೂ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿದ್ದರೆ ಪ್ರಯೋಜನವಿಲ್ಲ. ಹೊರಗಿನಿಂದಲೂ ಕೀಯಲ್ಲಿ ತೆರೆಯುವ ಲಾಕ್ ಹಾಕಿಸಿ, ಒಳಚಿಲಕ ತೆಗೆಸಿಬಿಡಿ.