ತುರ್ತು ವಿಭಾಗದ ನೋವುನಿವಾರಕ ಗ್ಯಾಸ್ ಸೆಟ್: ರೋಗಿಗೆ ಅನುಕೂಲ, ಸಿಬ್ಬಂದಿಗೆ ಅರೆಕೊರೆ

ವಿಜಯಪುರದಲ್ಲಿ ನಾನು ಸ್ಟಾಫ್ ನರ್ಸ್ ಆಗಿರುವ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕಳೆದ ವರ್ಷ ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕ ಸಮಪ್ರಮಾಣದಲ್ಲಿ ಬೆರೆತ ಗ್ಯಾಸ್ ಸೆಟ್ ತರಿಸಿದರು. ನೋವು ತಗ್ಗಿಸುವ ಕೆಲಸದಲ್ಲಿ ಅದನ್ನು ದೂರುವಂತಿಲ್ಲ. ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ಬಿದ್ದು, ಭುಜದ ಕೀಲು ತಪ್ಪಿ ಬಂದವರು ಮೌತ್‌ಪೀಸ್ ಹಿಡಿದು ತಾವೇ ಉಸಿರೆಳೆದುಕೊಳ್ಳುತ್ತಾರೆ. ಎಳೆದಾಗ ಮಾತ್ರ ಡಿಮಾಂಡ್ ವಾಲ್ವ್ ತೆರೆಯುವುದರಿಂದ, ಮಂಪರು ಹೆಚ್ಚಾಗಿ ಕೈ ಸಡಿಲಾದರೆ ಗ್ಯಾಸ್ ತಾನಾಗಿಯೇ ನಿಲ್ಲುತ್ತದೆ. ಆದರೆ ಎದೆಗೂಡಿನಲ್ಲಿ ಗಾಳಿ ತುಂಬಿದ ಶಂಕೆ ಇದ್ದವರಂಥ ಕೆಲವರಿಗೆ ಕೊಡುವಂತಿಲ್ಲ.

ನನ್ನ ತಕರಾರು ರೋಗಿ ಹೊರಬಿಡುವ ಉಸಿರಿನದು. ಒಳಹೋದ ನೈಟ್ರಸ್ ಆಕ್ಸೈಡ್ ಹೆಚ್ಚುಕಡಿಮೆ ಹಾಗೆಯೇ ಹೊರಬರುತ್ತದೆ, ಆದರೆ ಅದನ್ನು ಹೊರಗೆ ಸಾಗಿಸುವ ಸ್ಕ್ಯಾವೆಂಜಿಂಗ್ ಕೊಳವೆಯೇ ಸೆಟ್ಟಿನಲ್ಲಿ ಇರಲಿಲ್ಲ. ಕೇಳಿದರೆ ಡೀಲರ್, "ಎಸಿ ಐತಲ್ರೀ ಮೇಡಂ, ಅದ್ಯಾಕ್ ಬೇಕ್ರೀ?" ಎಂದರು. ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ತಂಪು ಮಾಡಿ ಮರಳಿ ಬಿಡುತ್ತದೆ. ಏಪ್ರಿಲ್ ಬಿಸಿಲಿಗೆ ಬಾಗಿಲು ಮುಚ್ಚಿದರೆ ಗ್ಯಾಸ್ ನಮ್ಮೊಂದಿಗೇ ಉಳಿಯುತ್ತದೆ. ಅಳುವ ಮಗುವಿನ ಹಣೆಗೆ ಹೊಲಿಗೆ ಹಾಕುವಾಗಂತೂ ಮಾಸ್ಕಿನ ಅಂಚಿನಿಂದ ಸೋರಿದ್ದು ಬಗ್ಗಿ ನಿಂತವರ ಮುಖಕ್ಕೇ ಬರುತ್ತದೆ. ಅದರ ವಾಸನೆ ತೀರಾ ಮಂದವಾದ್ದರಿಂದ ಮೂಗನ್ನು ನಂಬುವಂತಿಲ್ಲ, ಎನ್95 ಮಾಸ್ಕ್ ಕಣಗಳನ್ನು ತಡೆಯುತ್ತದೆಯೇ ಹೊರತು ಗ್ಯಾಸನ್ನಲ್ಲ. ಬಳಿಕ ಡೀಲರ್ ತೋರಿಸಿದ ಇದ್ದಿಲಿನ ಡಬ್ಬಿಯೂ ನೈಟ್ರಸ್ ಆಕ್ಸೈಡನ್ನು ಹೀರುವುದಿಲ್ಲ.

ಇದು ಅತಿ ಕಾಳಜಿಯ ಮಾತಲ್ಲ. ಈ ಅನಿಲ ದೇಹದ ಬಿ12 ಜೀವಸತ್ವವನ್ನು ನಿಷ್ಕ್ರಿಯಗೊಳಿಸುತ್ತದೆ. ಕೊಳವೆಯಿಲ್ಲದ ದಂತ ಚಿಕಿತ್ಸಾಲಯಗಳಲ್ಲಿ ವಾರಕ್ಕೆ 5 ಗಂಟೆ ಅಥವಾ ಹೆಚ್ಚು ಹೊತ್ತು ಇದರೊಂದಿಗೆ ದುಡಿದ ಸಹಾಯಕಿಯರಲ್ಲಿ ಗರ್ಭಧಾರಣೆ ತಡವಾಗುವುದನ್ನು ಅಮೆರಿಕದ 1992ರ ಅಧ್ಯಯನವೊಂದು ಗುರುತಿಸಿತ್ತು. ಅಲ್ಲಿನ ಉದ್ಯೋಗ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ 1977ರಲ್ಲೇ ಗ್ಯಾಸ್ ಕೊಡುವ ಅವಧಿಯ ಸರಾಸರಿ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 25 ಭಾಗ) ಮೀರಬಾರದೆಂದು ಶಿಫಾರಸು ಮಾಡಿದೆ; ಬ್ರಿಟನ್ನಿನ ಮಿತಿ 8 ಗಂಟೆಗಳ ಸರಾಸರಿಗೆ 100 ಪಿಪಿಎಂ.

ಪಟ್ಟು ಹಿಡಿದ ಮೇಲೆ ಕೊಳವೆ ಬಂದಿದೆ; ಉಸಿರನ್ನು ಎಳೆದು ಹೊರಗೋಡೆಯ ಆಚೆ ಬಿಡುವ ವ್ಯವಸ್ಥೆಗೆ ಅದನ್ನು ಜೋಡಿಸಿದ್ದಾರೆ. ಕೊಳವೆ ಗಿಡ್ಡ, ಬಿರುಸು, ಸ್ಟ್ರೆಚರಿನ ಗಾಲಿಗೆ ಸಿಕ್ಕಿಕೊಳ್ಳುತ್ತದೆ, ಆದರೂ ಅದಿಲ್ಲದ ಸೆಟ್ಟನ್ನು ಯಾರೂ ಕೊಳ್ಳಬಾರದು. ಕೊಟೇಶನ್ ಕೇಳುವಾಗಲೇ ಅದನ್ನು ಸೇರಿಸಿ ಬರೆಸಿಕೊಳ್ಳಿ. ಉಡುಪಿಗೆ ಸಿಕ್ಕಿಸಿಕೊಂಡು ಗ್ಯಾಸ್ ಪ್ರಮಾಣ ಅಳೆಯುವ ಬ್ಯಾಡ್ಜ್‌ಗಳಿಗೂ ಬೇಡಿಕೆ ಸಲ್ಲಿಸಿದ್ದೇವೆ. ಬಂದ ಮೇಲೆ ಅವುಗಳ ಅಂಕಿಗಳನ್ನೂ ಈ ವಿಮರ್ಶೆಗೆ ಸೇರಿಸುತ್ತೇನೆ.