ಲೆಗೊ ಜೋಯಿಟ್ರೋಪ್: ಸೀಳು, ಕನ್ನಡಿ, ಕ್ಯಾಮೆರಾ – ಮೂರರಲ್ಲಿ ಯಾವುದು?

ಜೋಯಿಟ್ರೋಪ್ ಎಂದರೆ ಸಾಲು ಚಿತ್ರಗಳನ್ನು ತಿರುಗಿಸಿ ಅವು ಚಲಿಸುವಂತೆ ತೋರಿಸುವ ಆಟಿಕೆ; ನೋಡುವುದು ಸೀಳಿನ ಮೂಲಕವೋ, ಕನ್ನಡಿಯಲ್ಲೋ, ಕ್ಯಾಮೆರಾದಲ್ಲೋ. ಮಕ್ಕಳ ಕೈಗೆ ಕೊಡುವುದಾದರೆ ಕನ್ನಡಿಯದನ್ನು ಕಟ್ಟಿ. ಬೇಗ ಮುಗಿಯಬೇಕು, ಖರ್ಚೂ ಬೇಡ ಎಂದರೆ ಸೀಳಿನದು. ವಿಡಿಯೊ ತೆಗೆಯುವುದೇ ಉದ್ದೇಶವಾಗಿದ್ದರೆ ಮಾತ್ರ ಮೂರನೆಯದಕ್ಕೆ ಕೈಹಾಕಿ. ಮೊದಲೆರಡರಲ್ಲಿ ಸೀಳೋ ಕನ್ನಡಿಯೋ ಚಿತ್ರದ ಜೊತೆಗೇ ತಿರುಗುತ್ತದೆ. ಹಾಗಾಗಿ ವೇಗ ಏರಿಳಿದರೂ ಚಿತ್ರ ಜಾಗ ಬಿಟ್ಟು ಕದಲುವುದಿಲ್ಲ. ಮೂರನೆಯದರಲ್ಲಿ ಆ ನಂಟಿಲ್ಲ, ಕಷ್ಟವೆಲ್ಲ ಮೋಟರಿನ ತಲೆಗೆ ಬೀಳುತ್ತದೆ.

ಮೊದಲೆರಡಕ್ಕೂ ಡ್ರಮ್ (ಒಳಗೋಡೆಗೆ ಚಿತ್ರದ ಪಟ್ಟಿ ಕೂರುವ ಉರುಳೆ) ಒಂದೇ: 12 ಮುಖ, 12 ಚಿತ್ರ. 1×4 ತಿರುಗುಕೀಲಿನ ಪ್ಲೇಟ್ ಕೆಳಸುತ್ತಿಗೆ 12, ಮೇಲುಸುತ್ತಿಗೆ 12. ಕೀಲಿನಿಂದ ಕೀಲಿಗೆ 6 ಸ್ಟಡ್ (ಬ್ರಿಕ್ಕಿನ ಮೇಲಿನ ಗುಬ್ಬಿ), ಅಂದರೆ 48 ಮಿ.ಮೀ. ನಡುವೆ 1×4 ಬ್ರಿಕ್ ಕೂರಿಸಿ. 6 ಸ್ಟಡ್ಡಿನ ಬ್ರಿಕ್ ಇಟ್ಟರೆ ಮೂಲೆಯಲ್ಲಿ ಒಂದಕ್ಕೊಂದು ತಾಗಿ ಸುತ್ತು ಮುಚ್ಚುವುದೇ ಇಲ್ಲ. ಎತ್ತರ 4 ಬ್ರಿಕ್, ಸುಮಾರು 38 ಮಿ.ಮೀ. ಸಾಕು. ಗೋಡೆಯ ದಪ್ಪ ಕಳೆದರೆ ಒಳಗೆ ಪ್ರತಿ ಮುಖದ ಅಗಲ 46 ಮಿ.ಮೀ. ಉಳಿಯುತ್ತದೆ, ಆದ್ದರಿಂದ ಚಿತ್ರದ ಪಟ್ಟಿ 552 ಮಿ.ಮೀ. ಉದ್ದ. ಕೀಲುಗಳೇ ತುಂಬಿರುವ ಸುತ್ತು ಮೊಟ್ಟೆಯಾಕಾರಕ್ಕೆ ತಿರುಗುವುದು ಖಂಡಿತ. 171 ಮಿ.ಮೀ. ವ್ಯಾಸದ ರಟ್ಟಿನ ಬಿಲ್ಲೆಯನ್ನು ತಳದಲ್ಲಿ ಬಿಗಿಯಾಗಿ ತುರುಕಿದರೆ ಸರಿಹೋಗುತ್ತದೆ. ನಡುವಿನ ಆಕ್ಸಲ್ಲನ್ನು (ಡ್ರಮ್ ತಿರುಗುವ ಕಡ್ಡಿ) ಮೇಲೊಂದು ಕೆಳಗೊಂದು ಬೀಮಿನಲ್ಲಿ (ತೂತುಗಳಿರುವ ಪಟ್ಟಿ), ಕನಿಷ್ಠ 5 ಸ್ಟಡ್ ಅಂತರದಲ್ಲಿ ಹಿಡಿಸಿ. ಒಂದೇ ಬೀಮಿಗೆ ನಂಬಿಸಿದರೆ ಡ್ರಮ್ ತೊನೆಯುತ್ತದೆ. 20 ಹಲ್ಲಿನ ಎರಡು ಬೆವೆಲ್ ಗೇರ್ (ಮೂಲೆ ತಿರುಗಿಸುವ ಓರೆಹಲ್ಲಿನ ಚಕ್ರ) ಹಾಕಿ ಕೈಹಿಡಿಯಿಂದ ಸೆಕೆಂಡಿಗೊಂದು ಸುತ್ತು ತಿರುಗಿಸಿ: ಸೆಕೆಂಡಿಗೆ 12 ಚಿತ್ರ. ಮೋಟರ್ ಬೇಕಾಗಿಯೇ ಇಲ್ಲ.

ಸೀಳಿನ ಬಗೆ ವಿಲಿಯಂ ಜಾರ್ಜ್ ಹಾರ್ನರ್ 1834ರಲ್ಲಿ ವಿವರಿಸಿದ ಹಳೆಯದು. ಸೀಳುಗಳನ್ನು ಬ್ರಿಕ್ಕಿನಲ್ಲೇ ಬಿಡುವ ಆಸೆ ಬೇಡ. ಒಂದು ಸ್ಟಡ್ ಜಾಗವೆಂದರೆ 8 ಮಿ.ಮೀ.; ಸೀಳು ಎಷ್ಟು ಅಗಲವೋ ಚಿತ್ರವೂ ಹೆಚ್ಚುಕಡಿಮೆ ಅಷ್ಟೇ ಕಲಸಿಹೋಗುತ್ತದೆ. ಕಪ್ಪು ರಟ್ಟಿನಲ್ಲಿ 3 ಮಿ.ಮೀ. ಸೀಳು ಕೊಯ್ದು, ಗೋಡೆಯಿಂದ 40 ಮಿ.ಮೀ. ಮೇಲೇಳುವಂತೆ ಒಳಗೆ ನಿಲ್ಲಿಸಿ. ಬೆಲೆ ತೆರುವುದು ಬೆಳಕಿನಲ್ಲಿ: 46ರಲ್ಲಿ 3 ಎಂದರೆ ನೂರಕ್ಕೆ ಆರೇಳು ಪಾಲು ಮಾತ್ರ ಕಣ್ಣಿಗೆ ಬರುತ್ತದೆ. ಟೇಬಲ್ ಲ್ಯಾಂಪನ್ನು ಡ್ರಮ್ಮಿನೊಳಕ್ಕೇ ಬಗ್ಗಿಸಬೇಕು. ಇನ್ನೊಂದು, ಸೀಳು ಒಂದು ಕಡೆಗೆ, ಎದುರಿನ ಚಿತ್ರ ಇನ್ನೊಂದು ಕಡೆಗೆ ಓಡುವುದರಿಂದ ಆಕೃತಿ ಸಣಕಲಾಗಿ ಕಾಣುತ್ತದೆ. ಗುಂಡಗಿನ ಚೆಂಡು ಬೇಕಿದ್ದರೆ ಅಡ್ಡಕ್ಕೆ ಅಗಲಿಸಿಯೇ ಬರೆಯಿರಿ.

ಕನ್ನಡಿಯ ಬಗೆ ಎಮಿಲ್ ರೇನೋ 1877ರಲ್ಲಿ ಫ್ರಾನ್ಸಿನಲ್ಲಿ ತಂದ ಪ್ರಾಕ್ಸಿನೋಸ್ಕೋಪ್. ಸೀಳಿಲ್ಲದ್ದರಿಂದ ಟ್ಯೂಬ್‌ಲೈಟ್ ಬೆಳಕಿನಲ್ಲೇ ನಿಚ್ಚಳವಾಗಿ ಕಾಣುತ್ತದೆ, ನಾಲ್ಕು ಜನ ಸುತ್ತ ಕೂತು ಒಟ್ಟಿಗೆ ನೋಡಬಹುದು. ಇಲ್ಲಿ ತಪ್ಪಬಾರದ ಅಳತೆ ಒಂದೇ: ಕನ್ನಡಿ ಗೋಡೆಗೂ ಆಕ್ಸಲ್ಲಿಗೂ ಸರಿಯಾಗಿ ನಡುವೆ ನಿಲ್ಲಬೇಕು. ಆಗ ಪ್ರತಿಬಿಂಬ ಆಕ್ಸಲ್ಲಿನ ಮೇಲೇ ಬೀಳುತ್ತದೆ, ಆಕ್ಸಲ್ ಜಾಗ ಬಿಡದ್ದರಿಂದ ಪ್ರತಿಬಿಂಬವೂ ನಿಂತಲ್ಲೇ ನಿಲ್ಲುತ್ತದೆ. ಕನ್ನಡಿ ಆಚೀಚೆ ಸರಿದರೆ ಚಿತ್ರ ಪಕ್ಕಕ್ಕೆ ಜಾರಿ ಜಾರಿ ನೆಗೆಯುತ್ತದೆ. ಈ ಡ್ರಮ್ಮಿಗೆ ಆಕ್ಸಲ್ಲಿನಿಂದ ಕನ್ನಡಿಗೆ 43 ಮಿ.ಮೀ., ಪ್ರತಿ ಕನ್ನಡಿಯ ಅಗಲ 23. ನಿಮ್ಮ ಡ್ರಮ್ ಬೇರೆಯಾದರೆ ಒಳಮುಖದ ಅಗಲ ಅಳೆದು ಅರ್ಧ ಮಾಡಿ, ಅಷ್ಟೇ. ಕನ್ನಡಿಯ ಎತ್ತರ 60 ಮಿ.ಮೀ. ಇರಲಿ, ಗೋಡೆಯಷ್ಟೇ ಇದ್ದರೆ ಸಾಲದು. ಹತ್ತಿರದ ಗೋಡೆಯ ಮೇಲಿಂದ ಓರೆಯಾಗಿ ಇಣುಕುವುದರಿಂದ ಚಿತ್ರದ ತಲೆಭಾಗ ಕನ್ನಡಿಯಲ್ಲಿ ಎತ್ತರಕ್ಕೆ ಮೂಡುತ್ತದೆ, ಗಿಡ್ಡ ಕನ್ನಡಿ ಅದನ್ನು ಕತ್ತರಿಸುತ್ತದೆ. ಅಂಟಿಸುವ ಕನ್ನಡಿ ಹಾಳೆ ಅಗ್ಗ, ಆದರೆ ಸುಕ್ಕಿನಿಂದ ಮುಖ ಸೊಟ್ಟಗಾಗುತ್ತದೆ. 1 ಮಿ.ಮೀ. ಅಕ್ರಿಲಿಕ್ ಕನ್ನಡಿಯನ್ನು ಚಾಕುವಿನಿಂದ ಗೀರಿ ಮುರಿದರೆ ಚೊಕ್ಕವಾಗಿ ಬರುತ್ತದೆ. ಅಕ್ಷರ ಬರೆಯುವುದಾದರೆ ತಿರುಗುಮುರುಗಾಗಿ ಬರೆಯಿರಿ.

ಕ್ಯಾಮೆರಾ ಬಗೆಯಲ್ಲಿ ಡ್ರಮ್ಮಿಲ್ಲ. ತಟ್ಟೆಯ ಮೇಲೆ 30 ಡಿಗ್ರಿಗೊಂದರಂತೆ 12 ಗೊಂಬೆ, ಒಂದೊಂದಕ್ಕೂ ಸ್ವಲ್ಪ ಬೇರೆ ಭಂಗಿ. ಫೋನ್ ಸೆಕೆಂಡಿಗೆ 24 ಫ್ರೇಮ್ ತೆಗೆದರೆ ತಟ್ಟೆ ನಿಮಿಷಕ್ಕೆ ಸರಿಯಾಗಿ 120 ಸುತ್ತಬೇಕು, 30 ಫ್ರೇಮಿಗೆ 150. ಲೆಗೊದ ಹಳೆಯ ಪವರ್ ಫಂಕ್ಷನ್ಸ್ ಎಂ ಮೋಟರ್ 9 ವೋಲ್ಟಿನಲ್ಲಿ ಹೊರೆಯಿಲ್ಲದೆ ಸುಮಾರು 400 ಸುತ್ತುತ್ತದೆ. 24 ಫ್ರೇಮಿಗಾದರೆ 8 ಹಲ್ಲಿನ ಗೇರಿನಿಂದ 24 ಹಲ್ಲಿನದಕ್ಕೆ ಇಳಿಸಿ, 133 ಬರುತ್ತದೆ, ಉಳಿದದ್ದನ್ನು ಸ್ಪೀಡ್ ಕಂಟ್ರೋಲಿನಲ್ಲಿ ತಗ್ಗಿಸಿ. ರೀಚಾರ್ಜ್ ಸೆಲ್ ಆರು ಸೇರಿ 7.2 ವೋಲ್ಟ್ ಮಾತ್ರ, ವೇಗ ಸಾಲುವುದಿಲ್ಲ. 16ರಿಂದ 40 ಹಲ್ಲು ಹಾಕಿ. ಒಂದೆರಡು ಸುತ್ತು ಹೆಚ್ಚುಕಡಿಮೆಯಾದರೂ ಗೊಂಬೆಗಳು ಮೆರವಣಿಗೆ ಹೊರಡುತ್ತವೆ. 12 ಸೆಂ.ಮೀ. ತ್ರಿಜ್ಯದಲ್ಲಿ, 120 ಸುತ್ತಿನ ವೇಗಕ್ಕೆ, ಹೊರಕ್ಕೆ ಎಳೆಯುವ ಬಲ ಗೊಂಬೆಯ ತೂಕದ ಹತ್ತಿರಹತ್ತಿರ ಎರಡರಷ್ಟು; ಒಂದೇ ಸ್ಟಡ್ ಹಿಡಿದ ಚಿಕ್ಕ ತುಣುಕುಗಳು ಸಿಡಿದು ಹಾರಬಹುದು. ಶಟರ್ 1/500 ಅಥವಾ ಇನ್ನೂ ವೇಗವಾಗಿರಲಿ. ಮನೆಯ ಅಗ್ಗದ ಎಲ್‌ಇಡಿ ಬಲ್ಬಿನಡಿ ಆ ಶಟರಿಗೆ ಪಟ್ಟೆಪಟ್ಟೆ ಬೀಳುತ್ತದೆ, ಕಿಟಕಿಯ ಬಿಸಿಲೇ ಒಳ್ಳೆಯದು. ಕ್ಯಾಮೆರಾ ಬದಲು ಮಿಣುಕುದೀಪ ಇಟ್ಟು ಬರಿಗಣ್ಣಿನಲ್ಲಿ ನೋಡಬಹುದು ನಿಜ, ಆದರೆ ಸೆಕೆಂಡಿಗೆ 12 ಮಿನುಗು ಅಪಸ್ಮಾರ ಇರುವ ಕೆಲವರಿಗೆ ಫಿಟ್ಸ್ ತರಿಸಬಲ್ಲದು. ಶಾಲೆಯ ಪ್ರದರ್ಶನಕ್ಕೆ ಅದನ್ನು ಒಯ್ಯಬೇಡಿ.