ಎಮಿಷನ್ ಟೆಸ್ಟಿಗೆ ಮುಂಚೆ ಕಾರ್ಬ್ ಕ್ಲೀನರ್ ಸ್ಪ್ರೇ: ಯಾವ ಕಾರಿಗೆ ಬೇಕು, ಯಾವುದಕ್ಕೆ ದುಡ್ಡು ದಂಡ

ಹಾಸನ, ಚಿಕ್ಕಮಗಳೂರಿನ ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ 500 ಎಂಎಲ್ ಕಾರ್ಬ್ ಕ್ಲೀನರ್ ಡಬ್ಬಿ (ಪೆಟ್ರೋಲು-ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಕೊಳೆ ಕರಗಿಸುವ ಸ್ಪ್ರೇ) ಒಳ್ಳೇ ಸಾಮಾನೇ. ಆದರೆ ಬಹಳ ಜನ ಅದನ್ನು ಹೊಡೆಯುವ ಜಾಗವೇ ತಪ್ಪು. ಏರ್ ಫಿಲ್ಟರ್ ಬಿಚ್ಚಿ, ಕಾರ್ಬ್ಯುರೇಟರ್ ಬಾಯಿಗೆ ಮೇಲಿಂದ ಅರ್ಧ ಡಬ್ಬಿ ಸುರಿದು ಟೆಸ್ಟಿಗೆ ಹೋಗುತ್ತಾರೆ. ಹಾಗೆ ಹೊಡೆದದ್ದು ಚೋಕ್ ಮತ್ತು ಥ್ರಾಟಲ್ ತಟ್ಟೆಯ ಮಸಿ ತೊಳೆಯುತ್ತದೆ, ಐಡಲ್ ಜೆಟ್ ಮುಟ್ಟುವುದಿಲ್ಲ. ಟೆಸ್ಟಿನಲ್ಲಿ ಸೈಲೆನ್ಸರಿಗೆ ಪೈಪು ತುರುಕಿ ಅಳೆಯುವುದು ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ. ಆಗ ಪೆಟ್ರೋಲು ಹರಿಯುವುದು ಆ ಸಣ್ಣ ಜೆಟ್ಟಿನಿಂದಲೇ.

ಬಿಎಸ್-2 (ಭಾರತ್ ಸ್ಟೇಜ್ ಹೊಗೆ ನಿಯಮ) ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಮಿತಿ ಸಿಒ (ಕಾರ್ಬನ್ ಮಾನಾಕ್ಸೈಡ್) 3%, ಎಚ್‌ಸಿ (ಹೈಡ್ರೋಕಾರ್ಬನ್, ಅಂದರೆ ಸುಡದ ಪೆಟ್ರೋಲು) 1,500 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ). ಬಿಎಸ್-2 ಮತ್ತು ಬಿಎಸ್-3ಕ್ಕೆ 0.5% ಮತ್ತು 750. ಹಳೇ ಕಾರ್ಬ್ಯುರೇಟರ್ ಗಾಡಿಗೆ ಮೊದಲನೇ ಮಿತಿ ಕಷ್ಟದ ಗುರಿಯಲ್ಲ.

ಈ ಡಬ್ಬಿ ನಿಜವಾಗಿ ದುಡ್ಡಿಗೆ ತಕ್ಕ ಕೆಲಸ ಮಾಡುವುದು ಮಳೆಗಾಲವೆಲ್ಲ ಶೆಡ್ಡಿನಲ್ಲಿ ನಿಂತ ತೋಟದ ಮಾರುತಿ 800, ಓಮ್ನಿ, ಪೆಟ್ರೋಲ್ ಅಂಬಾಸಿಡರ್‌ಗಳಿಗೆ. ನಿಂತ ಪೆಟ್ರೋಲು ಆರಿ ಅಂಟಾಗಿ ಐಡಲ್ ಜೆಟ್ ಕಟ್ಟಿಕೊಳ್ಳುತ್ತದೆ. ಪೆಟ್ರೋಲು ಕಡಿಮೆಯಾಗಿ ಮಿಶ್ರಣ ತೆಳ್ಳಗಾಗಿ ಎಂಜಿನ್ ಮಿಸ್ ಹೊಡೆಯುತ್ತದೆ, ಸುಡದ ಪೆಟ್ರೋಲು ಹೊರಬಿದ್ದು ಎಚ್‌ಸಿ ಏರುತ್ತದೆ. ಎಥನಾಲ್ ಬೆರೆತ ಈಗಿನ ಪೆಟ್ರೋಲು ಮಿಶ್ರಣವನ್ನು ಇನ್ನಷ್ಟು ತೆಳ್ಳಗೆ ಮಾಡುತ್ತದೆ, ಟ್ಯಾಂಕಿನ ಹಳೇ ಕೊಳೆಯನ್ನೂ ಎಬ್ಬಿಸುತ್ತದೆ. ಹಾಗಾಗಿ ಪೆಟ್ರೋಲ್ ಫಿಲ್ಟರ್ ಜೊತೆಯಲ್ಲೇ ಬದಲಾಯಿಸಿ.

ಸರಿಯಾದ ಕ್ರಮ ಹೀಗೆ. ಎಂಜಿನ್ ತಣ್ಣಗಿರಲಿ, ಬ್ಯಾಟರಿ ನೆಗೆಟಿವ್ ಬಿಚ್ಚಿರಲಿ. ಈ ದ್ರಾವಕಕ್ಕೆ ಒಂದು ಕಿಡಿ ಸಾಕು. ಐಡಲ್‌ನ ಪೆಟ್ರೋಲು-ಗಾಳಿ ಪ್ರಮಾಣ ಹೊಂದಿಸುವ ಮಿಕ್ಸ್‌ಚರ್ ಸ್ಕ್ರೂ ಪೂರ್ತಿ ಒಳಕ್ಕೆ ಹೋಗಲು ಎಷ್ಟು ಸುತ್ತು ಬೇಕು ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಕೊನೆಯಲ್ಲಿ ಬಿಗಿ ಮಾಡಿದರೆ ಸೂಜಿಮೊನೆ ಹಾಳು. ಆಮೇಲೆ ಸ್ಕ್ರೂ, ಐಡಲ್ ಜೆಟ್ ಎರಡನ್ನೂ ಬಿಚ್ಚಿ, ಡಬ್ಬಿಯ ಕೆಂಪು ನಳಿಕೆಯನ್ನು ಆ ತೂತುಗಳಿಗೇ ಇಟ್ಟು ಎರಡೆರಡು ಸೆಕೆಂಡು ಹೊಡೆಯಿರಿ. ಹತ್ತು ನಿಮಿಷ ನೆನೆಯಲು ಬಿಟ್ಟು ಮತ್ತೊಮ್ಮೆ ಹೊಡೆದು, ಪಂಕ್ಚರ್ ಅಂಗಡಿಯ ಗಾಳಿಯಲ್ಲಾದರೂ ಊದಿಸಿ. ಕಣ್ಣಿಗೆ ಕನ್ನಡಕ ಇರಲೇಬೇಕು, ಒಂದು ತೂತಿಗೆ ಹೊಡೆದದ್ದು ಇನ್ನೊಂದರಿಂದ ಮುಖಕ್ಕೆ ಚಿಮ್ಮುತ್ತದೆ. ಜೆಟ್ಟಿಗೆ ತಂತಿ, ಪಿನ್ನು ಹಾಕಬೇಡಿ. ಹಿತ್ತಾಳೆ ಮೆತ್ತಗಿರುತ್ತದೆ, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಸಿಒ ಏರಿ ಜೆಟ್ಟೇ ಹೊಸದು ಹಾಕಬೇಕಾಗುತ್ತದೆ. ರಬ್ಬರ್ ಡಯಾಫ್ರಮ್, ಓ-ರಿಂಗ್ ಮೇಲೆ ದ್ರಾವಕ ಬಿದ್ದರೆ ಉಬ್ಬುತ್ತವೆ, ಬಾನೆಟ್ ಅಂಚಿಗೆ ಬಿದ್ದರೆ ಬಣ್ಣ ಏಳುತ್ತದೆ. ಒಂದು ಕಾರಿಗೆ ಕಾಲು ಡಬ್ಬಿ ಸಾಕು.

ಜೋಡಿಸಿದ ಮೇಲೆ ಟ್ಯೂನಿಂಗ್ ನಿಮ್ಮೂರಲ್ಲೇ ಆಗಲಿ. ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರಿಗೂ ಮೇಲಿದೆ, ಹಾಸನವೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಇಲ್ಲಿ ಗಾಳಿ ಮಂಗಳೂರಿಗಿಂತ ಸುಮಾರು 10% ತೆಳು. ಕರಾವಳಿಯಲ್ಲಿ ಟ್ಯೂನ್ ಮಾಡಿಸಿದ ಕಾರ್ಬ್ಯುರೇಟರ್ ಚಾರ್ಮಾಡಿ ಹತ್ತಿ ಬಂದರೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಸಿಒ ಏರುತ್ತದೆ. ಎಂಜಿನ್ ಕಾದ ಮೇಲೆ ಮಿಕ್ಸ್‌ಚರ್ ಸ್ಕ್ರೂ ತಿರುಗಿಸುತ್ತಾ ಐಡಲ್ ಅತಿ ಹೆಚ್ಚಾಗುವ ಜಾಗ ಹುಡುಕಿ, ಅಲ್ಲಿಂದ ವೇಗ ಸ್ವಲ್ಪ ಇಳಿಯುವಷ್ಟು ಮಾತ್ರ ಒಳಕ್ಕೆ ತಿರುಗಿಸಿ. ನಂತರ ಐಡಲ್ ಸ್ಕ್ರೂನಿಂದ 900 ಆರ್‌ಪಿಎಂ ಆಸುಪಾಸಿಗೆ ತನ್ನಿ.

ಇಷ್ಟಾದರೂ ಫೇಲಾದರೆ ಇನ್ನೊಂದು ಡಬ್ಬಿ ತರಬೇಡಿ, ಟೆಸ್ಟಿನ ಚೀಟಿ ಓದಿ. ಸಿಒ ಮಾತ್ರ ಹೆಚ್ಚಿದ್ದರೆ ಕಟ್ಟಿಕೊಂಡ ಏರ್ ಫಿಲ್ಟರ್, ಪೂರ್ತಿ ತೆರೆಯದ ಚೋಕ್, ಕಾರ್ಬ್ಯುರೇಟರಿಗೆ ಬರುವ ಪೆಟ್ರೋಲು ತಡೆಯುವ ಫ್ಲೋಟ್ ನೀಡಲ್ ಸವೆದಿದೆಯೇ ನೋಡಿ. ಕಾಫಿ ಕುಯ್ಲಿನ ದಿನಗಳ ತೋಟದ ಧೂಳಿಗೆ ಫಿಲ್ಟರ್ ಬೇಗ ತುಂಬುತ್ತದೆ. ಎಚ್‌ಸಿ ಮಾತ್ರ ಹೆಚ್ಚಿದ್ದರೆ ಪ್ಲಗ್, ಪ್ಲಗ್ ವೈರು, ಟೈಮಿಂಗ್, ಕಾರ್ಬ್ಯುರೇಟರ್ ಕೆಳಗಿನ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರಿಕೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಅದಕ್ಕೆ ಸ್ಪ್ರೇಯಲ್ಲಿ ಮದ್ದಿಲ್ಲ. ಸೈಲೆನ್ಸರ್ ತೂತಾಗಿದ್ದರೆ ಹೊರಗಿನ ಗಾಳಿ ಬೆರೆತು ಲೆಕ್ಕವೇ ಸುಳ್ಳಾಗುತ್ತದೆ, ಮೊದಲು ವೆಲ್ಡಿಂಗ್ ಮಾಡಿಸಿ.

ಎಂಪಿಎಫ್‌ಐ ಕಾರಿಗೆ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲು ಬಿಡುವಂಥದ್ದು) ಈ ಡಬ್ಬಿಯ ಉಪಯೋಗ ಥ್ರಾಟಲ್ ಬಾಡಿ ಒರೆಸುವಷ್ಟಕ್ಕೇ, ಅದೂ ಬಟ್ಟೆಗೆ ಹೊಡೆದುಕೊಂಡು, ಸೆನ್ಸರ್‌ಗಳಿಗೆ ತಾಗಬಾರದು. ಈ ಕಡೆ ಅಂಥ ಕಾರುಗಳಲ್ಲಿ ಸಿಒ ಹೆಚ್ಚಿದ್ದರೆ ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ಕೂಲಂಟ್ ತಡೆಯುವ ವಾಲ್ವ್) ಇದೆಯೇ ನೋಡಿ. ಗಾಡಿ ಹೀಟಾಗುತ್ತದೆಂದು ಅದನ್ನು ತೆಗೆದೇ ಹಾಕುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ಮಲೆನಾಡಿನ ಚಳಿಗೆ ಎಂಜಿನ್ ಕಾಯುವುದೇ ಇಲ್ಲ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎಂಜಿನ್ ಇನ್ನೂ ತಣ್ಣಗಿದೆ ಎಂದೇ ತಿಳಿದು ಹೆಚ್ಚು ಪೆಟ್ರೋಲು ಬಿಡುತ್ತಲೇ ಇರುತ್ತದೆ. ಥರ್ಮೋಸ್ಟಾಟ್ ಮತ್ತೆ ಹಾಕಿಸುವುದು ಯಾವ ಸ್ಪ್ರೇಗಿಂತಲೂ ಮೇಲು.

ಡೀಸೆಲ್ ಜೀಪು, ಕಾರುಗಳ ಇನ್‌ಟೇಕಿಗೆ ಇದನ್ನು ಹೊಡೆಯಲೇಬೇಡಿ. ಉರಿಯುವ ದ್ರಾವಕ ಹೊತ್ತಲ್ಲದ ಹೊತ್ತಿಗೆ ಹತ್ತಿಕೊಂಡು ಎಂಜಿನ್ನಿಗೇ ಪೆಟ್ಟು.

ಸ್ಪ್ರೇ ಹೊಡೆದ ದಿನ ನೇರ ಟೆಸ್ಟಿಗೆ ಹೋಗಬೇಡಿ, ಒಳಗೆ ಉಳಿದ ದ್ರಾವಕವೂ ಎಚ್‌ಸಿಯಲ್ಲಿ ಕಾಣಿಸುತ್ತದೆ. ಹಾಸನದವರು ಆಲೂರಿನ ಕಡೆಗೆ, ಚಿಕ್ಕಮಗಳೂರಿನವರು ಆಲ್ದೂರಿನ ಕಡೆಗೆ ಒಂದು ಇಪ್ಪತ್ತು ಕಿಲೋಮೀಟರ್ ಓಡಿಸಿ, ಎಂಜಿನ್ ಆರಿಸದೆ ಬಂಕಿನ ಟೆಸ್ಟಿಂಗ್ ವ್ಯಾನಿನ ಮುಂದೆ ನಿಲ್ಲಿಸಿ.